ಕೂತಲ್ಲೇ ಓಡಿದಂತೆ, ಕೈ ಗುರಿ ತಪ್ಪಿದಂತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ದೇಹ ಕದಲದಿದ್ದರೂ ಕದಲಿದಂತೆ ಅನಿಸುವುದುಂಟು. ಅಂಥ ಹೊತ್ತಿನಲ್ಲಿ ಕೈ ಏನು ಮಾಡುತ್ತದೆ? ತಿರುಗದೆ ತಿರುಗಿದಂತೆ ಅನಿಸಿದಾಗ ಚಾಚಿದ ಕೈ ಗುರಿ ತಪ್ಪುತ್ತದೆ ಎನ್ನುತ್ತಾರೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಈ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ದಾವಣಗೆರೆ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲಿನ ಕಿಟಕಿ ಪಕ್ಕ ಕೂತು ಟೀ ಕುಡಿಯುತ್ತಿದ್ದೆ. ಪಕ್ಕದ ಹಳಿಯ ರೈಲು ಹೊರಟಿತು. ನಮ್ಮದೇ ಹೊರಟಿತು ಅಂತ ಅನ್ನಿಸಿ ಕೈ ಬಿಗಿಯಾಗಿ, ಟೀ ಪ್ಯಾಂಟಿನ ಮೇಲೆ ಚೆಲ್ಲಿತು. ನಮ್ಮ ರೈಲು ಕದಲಿಯೇ ಇರಲಿಲ್ಲ. ಹಾಗಾದರೆ ಕೈಗೆ ಏನಾಯಿತು? (ವಿನೋಬನಗರ, ದಾವಣಗೆರೆ)

ಉತ್ತರ: ಈ ಭ್ರಮೆಗೆ ವಿಜ್ಞಾನದಲ್ಲಿ ವೆಕ್ಷನ್ ಎನ್ನುತ್ತಾರೆ. ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್ಸ್ಟ್ ಮಾಕ್ 1875ರಲ್ಲೇ ಇದರ ಬಗ್ಗೆ ಬರೆದಿದ್ದರು. ನಾವು ಚಲಿಸುತ್ತಿದ್ದೇವೆಯೇ ಎಂದು ತಿಳಿಯಲು ಮೆದುಳಿಗೆ ಮುಖ್ಯವಾಗಿ ಎರಡು ಸಾಕ್ಷಿಗಳಿವೆ. ಒಂದು ಕಣ್ಣು, ಇನ್ನೊಂದು ಒಳಗಿವಿ. ಒಂದೊಂದು ಒಳಗಿವಿಯಲ್ಲೂ ತಿರುಗುವಿಕೆಯನ್ನು ಅರಿಯುವ ಮೂರು ಅರೆವೃತ್ತ ನಾಳಗಳಿವೆ. ಮುಂದೆ ಹಿಂದೆ, ಮೇಲೆ ಕೆಳಗೆ ಹೋಗುವುದನ್ನು ಹಾಗೂ ತಲೆಯ ವಾಲುವಿಕೆಯನ್ನು ಅರಿಯುವ ಎರಡು ಪುಟ್ಟ ಚೀಲಗಳಿವೆ. ಚಲನೆಯ ಮಟ್ಟಿಗೆ ಇವೆಲ್ಲ ಗುರುತಿಸುವುದು ವೇಗದ ಬದಲಾವಣೆಯನ್ನು ಮಾತ್ರ. ಒಂದೇ ಸಮನೆ ಸಾಗುವ ರೈಲಿನಲ್ಲಿ ಒಳಗಿವಿಗೆ ಹೇಳಲು ಏನೂ ಇರುವುದಿಲ್ಲ. ರೈಲು ಹೊರಡುವಾಗಲೂ ಮೊದಲ ಕ್ಷಣಗಳಲ್ಲಿ ಅದು ಎಷ್ಟು ಮೆಲ್ಲಗೆ ಸರಿಯುತ್ತದೆಂದರೆ ಒಳಗಿವಿ ಸುಮ್ಮನೆ ಇದ್ದುಬಿಡಬಹುದು. ಅದರ ಮೌನ ‘ನಿಂತಿದ್ದೇವೆ’ ಎಂಬುದಕ್ಕೂ ಹೊಂದುತ್ತದೆ, ‘ಮೆಲ್ಲಗೆ ಹೊರಟಿದ್ದೇವೆ’ ಎಂಬುದಕ್ಕೂ ಹೊಂದುತ್ತದೆ. ಆಗ ಕಿಟಕಿ ತುಂಬ ಸರಿಯುವ ಬೋಗಿಗಳನ್ನು ನೋಡಿದ ಕಣ್ಣಿನ ಮಾತೇ ನಡೆಯುತ್ತದೆ.

ಇನ್ನು ಕೈಯ ವಿಷಯ. ವಸ್ತು ಹಿಡಿದ ಬೆರಳುಗಳು ಜಗ್ಗು ಬಂದ ಮೇಲೆ ಬಿಗಿಯಾಗುವುದಿಲ್ಲ, ಬರುವ ಮುಂಚೆಯೇ ಬಿಗಿಯಾಗುತ್ತವೆ. ಕೊಡ ಎತ್ತುವಾಗ ಗಮನಿಸಿ, ಭಾರ ಏರುವ ಹೊತ್ತಿಗೇ ಹಿಡಿತವೂ ಏರಿರುತ್ತದೆ. ರೈಲು ಹೊರಟಿದೆ ಎಂದು ಮೆದುಳು ನಂಬಿದ ಮೇಲೆ ‘ಜಗ್ಗು ಬರುತ್ತದೆ, ಹಿಡಿದುಕೋ’ ಎಂದು ಕೈಗೂ ಹೇಳಿಯಾಗಿರುತ್ತದೆ. ಜಗ್ಗು ಬರಲಿಲ್ಲ, ಹಿಡಿತ ಮಾತ್ರ ಬಿಗಿಯಾಯಿತು. ತೆಳು ಪೇಪರ್ ಕಪ್ ಆಗಿದ್ದರೆ ಹೆಬ್ಬೆರಳಿನ ಕೆಳಗೆ ಅದರ ಮೈ ಒಳಕ್ಕೆ ಕುಸಿಯುತ್ತದೆ, ದುಂಡಗಿದ್ದ ಬಾಯಿ ಮೊಟ್ಟೆಯಾಕಾರವಾಗುತ್ತದೆ, ಅಂಚಿನವರೆಗೆ ತುಂಬಿದ್ದ ಟೀಗೆ ಹೊರಗೆ ಬರದೆ ದಾರಿಯಿಲ್ಲ. ಕಪ್ಪನ್ನು ಮೇಲಿನ ಮಡಿಕೆ ಅಂಚಿನ ಹತ್ತಿರ ಹಿಡಿದರೆ ಅದು ಇಷ್ಟು ಸುಲಭವಾಗಿ ಕುಸಿಯುವುದಿಲ್ಲ. ಪಕ್ಕದ ರೈಲು ಹೊರಟಾಗ ನಿಮ್ಮ ಕಡೆಯ ಪ್ಲಾಟ್‌ಫಾರಂ ಕಂಬವೊಂದನ್ನು ನೋಡಿ, ಭ್ರಮೆ ಅಲ್ಲಿಗೇ ಮುರಿಯುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಹರಿಹರದ ತುಂಗಭದ್ರಾ ಸೇತುವೆ ಮೇಲೆ ನಿಂತು ನೀರು ನೋಡುತ್ತಿದ್ದರೆ ಸೇತುವೆಯೇ ಹೊಳೆಯ ಮೇಲಕ್ಕೆ ಹೊರಟಂತೆ ಆಗುತ್ತದೆ. ಆಗ ಮೊಬೈಲ್ ಹಿಡಿದು ವಿಡಿಯೊ ಮಾಡಿದರೆ, ನೇರ ಹಿಡಿದಿದ್ದೇನೆ ಅಂದುಕೊಂಡರೂ ಚಿತ್ರ ಹರಿವಿನ ಕಡೆಗೆ ಸರಿದಿರುತ್ತದೆ. ಆಮೇಲೆ ದಡ ನೋಡಿದರೆ ದಡವೂ ತೆವಳುತ್ತದೆ. ಇವೆಲ್ಲ ಒಂದೇನಾ? (ಹರಿಹರ)

ಉತ್ತರ: ಒಂದೇ ಅಲ್ಲ, ಮೂರು ಬೇರೆ ಬೇರೆ ಸಂಗತಿಗಳು.

ಸೇತುವೆ ಹೊರಟಂತೆ ಆಗುವುದು ವೆಕ್ಷನ್. ನೋಟದ ಅಂಚುಗಳವರೆಗೂ ಹರಿಯುವ ನೀರೇ ತುಂಬಿದಾಗ ಅದು ಜೋರಾಗಿರುತ್ತದೆ. ಕಂಬದ ಬುಡದಲ್ಲಿ ನೊರೆ ಸೀಳಿಕೊಂಡು ಎರಡು ಕಡೆ ಹೋಗುವುದನ್ನೇ ನೋಡಿದರಂತೂ ಕಂಬ ಹಡಗಿನ ಮೂತಿಯಂತೆ ನೀರು ಕೊಯ್ದುಕೊಂಡು ಮುಂದೆ ಹೋಗುತ್ತದೆ. ಇದು ಶುರುವಾಗಲು ಕೆಲವು ಸೆಕೆಂಡು ಬೇಕು. ಒಳಗಿವಿ ‘ಹೊರಟ ಗುರುತೇ ಇಲ್ಲವಲ್ಲ’ ಎಂದು ತಕರಾರು ತೆಗೆಯುವ ಸಮಯ ಅದು.

ಮೊಬೈಲ್ ಸರಿಯುವುದಕ್ಕೆ ಭ್ರಮೆ ಬೇಕಾಗಿಯೇ ಇಲ್ಲ. ಕೈ ಚಾಚುತ್ತಿರುವಾಗ ಕಣ್ಣ ಮುಂದಿನ ಹಿನ್ನೆಲೆ ಥಟ್ಟನೆ ಚಲಿಸಿದರೆ, ಸುಮಾರು 100ರಿಂದ 150 ಮಿಲಿಸೆಕೆಂಡಿನೊಳಗೆ ಕೈ ಅದೇ ದಿಕ್ಕಿಗೆ ವಾಲುತ್ತದೆ. ಮನಸ್ಸು ‘ಸರಿಸು’ ಎಂದು ಹೇಳುವುದಕ್ಕೆ ಇಷ್ಟು ಹೊತ್ತು ಸಾಲದು, ಅದು ತಾನಾಗಿ ಆಗುವ ಎಳೆತ. ನಿಮ್ಮ ವಿಡಿಯೊದಲ್ಲಿ ಇದರ ಜೊತೆಗೆ ಅಲೆಗಳ ಹಿಂದೆ ಹೋಗುವ ಕಣ್ಣೂ ಕೈಯನ್ನು ಎಳೆದಿರುತ್ತದೆ. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಂಡು, ನೀರು ಬಿಟ್ಟು ಪರದೆಯ ಅಂಚನ್ನು ನೋಡುತ್ತ ಹಿಡಿಯಿರಿ. ಕೈ ಹೊರಗೆ ಚಾಚಿ ಹಿಡಿಯಬೇಡಿ.

ಕೊನೆಗೆ ದಡ ತೆವಳುವುದು ನೋಡಿ ದಣಿದ ಕಣ್ಣಿನ ದಾರಿಯ ಉಳಿಕೆ. ಒಂದೇ ದಿಕ್ಕಿನ ಚಲನೆ ನೋಡಿ ಸೋತ ನರಕೋಶಗಳು ಸ್ವಲ್ಪ ಹೊತ್ತು ಮಂಕಾಗಿ, ಎದುರು ದಿಕ್ಕಿನವು ಮೇಲುಗೈ ಪಡೆಯುತ್ತವೆ. ಅದರಲ್ಲಿ ದಡ ಸರಿದಂತೆ ಕಂಡರೂ ನೀವು ಸರಿದಂತೆ ಅನಿಸುವುದಿಲ್ಲ.

ಪ್ರಶ್ನೆ: ಬೆಣ್ಣೆದೋಸೆ ಹೋಟೆಲಿನಲ್ಲಿ ದೋಸೆ ಹಾಕುವವರು ಸೊಂಟ ತಿರುಗಿಸುತ್ತಲೇ ಕೈ ಚಾಚಿ ಬೆಣ್ಣೆ ತೆಗೆಯುತ್ತಾರೆ, ತವಾ ಮೇಲೆ ಹಾಕುತ್ತಾರೆ, ಒಂದು ಸಲವೂ ಗುರಿ ತಪ್ಪುವುದಿಲ್ಲ. ನಿಜವಾಗಿ ತಿರುಗುವಾಗ ತಪ್ಪದ ಕೈ ಸುಳ್ಳು ತಿರುಗುವಿಕೆಯಲ್ಲಿ ತಪ್ಪುತ್ತದೆ ಅಂದರೆ ನಂಬುವುದು ಹೇಗೆ? (ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಈ ಕಂತಿಗೆ ಬಂದ ಪ್ರಶ್ನೆಗಳಲ್ಲಿ ನಮಗೆ ಅತ್ಯಂತ ಇಷ್ಟವಾದದ್ದು ಇದೇ. ಎಲ್ಲದರ ಬೇರು ಇದರಲ್ಲಿದೆ.

ತಿರುಗುತ್ತಿರುವ ದೇಹದಿಂದ ಕೈ ಚಾಚಿದರೆ ಆ ಕೈಯನ್ನು ಪಕ್ಕಕ್ಕೆ ತಳ್ಳುವ ಬಲವೊಂದು ಹುಟ್ಟುತ್ತದೆ. ಅದು ಕೊರಿಯೊಲಿಸ್ ಬಲ. ನೀವು ಎಡಕ್ಕೆ ತಿರುಗುತ್ತ ಕೈಯನ್ನು ಮುಂದಕ್ಕೆ ಚಾಚಿದರೆ ಅದು ಬಲಕ್ಕೆ ತಳ್ಳುತ್ತದೆ. ಲೆಕ್ಕ ಸರಳ: ತಿರುಗುವ ವೇಗ (ಸೆಕೆಂಡಿಗೆ ಎಷ್ಟು ರೇಡಿಯನ್ ಎಂಬ ಲೆಕ್ಕದಲ್ಲಿ; ಒಂದು ಸುತ್ತೆಂದರೆ ಸುಮಾರು 6.28 ರೇಡಿಯನ್), ಕೈಯ ವೇಗ, ಎರಡನ್ನೂ ಗುಣಿಸಿ ಇಮ್ಮಡಿ ಮಾಡಿ. ನಿಮಿಷಕ್ಕೆ 10 ಸುತ್ತು ತಿರುಗುತ್ತ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಕೈ ಚಾಚಿದರೆ ಪಕ್ಕದ ವೇಗವರ್ಧನೆ ಸೆಕೆಂಡಿನ ವರ್ಗಕ್ಕೆ ಸುಮಾರು 2.1 ಮೀಟರ್, ಅಂದರೆ ಭೂಮಿಯ ಗುರುತ್ವದ ಐದನೇ ಒಂದು ಪಾಲಿನಷ್ಟು. ಇದು ಸಣ್ಣದಲ್ಲ. ದೋಸೆ ಹಾಕುವವರ ಕೈ ತಪ್ಪದಿರುವುದು ಬಲ ಇಲ್ಲದ್ದರಿಂದ ಅಲ್ಲ. ತಿರುಗುವ ಆಜ್ಞೆ ಹೊರಟದ್ದೂ ಅವರ ಮೆದುಳಿನಿಂದಲೇ, ಕೈ ಚಾಚುವ ಆಜ್ಞೆ ಹೊರಟದ್ದೂ ಅಲ್ಲಿಂದಲೇ. ಹಾಗಾಗಿ ಬರಲಿರುವ ತಳ್ಳಾಟದ ಅಂದಾಜು ಮೊದಲೇ ಇರುತ್ತದೆ, ಸ್ನಾಯುಗಳು ಅಷ್ಟೇ ಬಲವನ್ನು ಎದುರು ದಿಕ್ಕಿಗೆ ಹಾಕುತ್ತವೆ. ಎರಡೂ ಸರಿದೂಗಿ ಕೈ ನೇರ ಬೆಣ್ಣೆಗೆ ಹೋಗುತ್ತದೆ.

ಈಗ ಇದನ್ನು ಎರಡು ಕಡೆಯಿಂದ ಕೆಡಿಸಿ ನೋಡಿ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಲ್ಯಾಕ್ನರ್ ಮತ್ತು ಪಾಲ್ ಡಿಜಿಯೊ ಒಂದು ಇಡೀ ಕೋಣೆಯನ್ನೇ ನಿಮಿಷಕ್ಕೆ 10 ಸುತ್ತಿನಂತೆ ತಿರುಗಿಸಿದರು. ಒಂದೇ ವೇಗ ತಲುಪಿ ಸ್ವಲ್ಪ ಹೊತ್ತಾದ ಮೇಲೆ ಒಳಗೆ ಕೂತವರಿಗೆ ತಿರುಗುವ ಅನುಭವವೇ ಇರುವುದಿಲ್ಲ. ಆಗ ಕೈ ಚಾಚಿದರೆ ಕೊರಿಯೊಲಿಸ್ ಬಲ ತಳ್ಳಿದ ದಿಕ್ಕಿಗೆ ಬಾಗಿತು, ಗುರಿಯ ಪಕ್ಕಕ್ಕೆ ಹೋಗಿ ಬಿತ್ತು. ಇದು 1994ರ ವರದಿ. ಸುಮಾರು 40 ಸಲ ಚಾಚುವಷ್ಟರಲ್ಲಿ, ಕೈಯನ್ನು ಕಣ್ಣಿಂದ ನೋಡದೆಯೂ, ದಾರಿ ನೆಟ್ಟಗಾಯಿತು. ಕೋಣೆ ನಿಲ್ಲಿಸಿದ ಮೇಲೆ ಮತ್ತೆ ತಪ್ಪಿತು, ಈ ಸಲ ಎದುರು ದಿಕ್ಕಿಗೆ.

2000ದಲ್ಲಿ ಕಾನ್, ಡಿಜಿಯೊ, ಲ್ಯಾಕ್ನರ್ ಇದನ್ನು ತಿರುವುಮುರುವು ಮಾಡಿದರು. ಜನ ಕದಲದೆ ಕೂತಿದ್ದರು, ಕಣ್ಣಿಗೆ ಕಟ್ಟಿದ ಪರದೆಯಲ್ಲಿ ಮಾತ್ರ ಸುತ್ತಲಿನ ದೃಶ್ಯ ತಿರುಗುತ್ತಿತ್ತು. ತಾವೇ ತಿರುಗುತ್ತಿದ್ದೇವೆ ಎಂದು ಅನ್ನಿಸಿದಾಗ ಕೈ ಚಾಚಿದರೆ, ನಿಜವಾಗಿ ತಿರುಗಿದ್ದರೆ ಬರುತ್ತಿದ್ದ ಬಲಕ್ಕೆ ಎದುರಾದ ದಿಕ್ಕಿಗೆ ಕೈ ಬಾಗಿತು. ಬಾರದ ತಳ್ಳಾಟಕ್ಕೆ ಕೈ ಮುಂಚೆಯೇ ಎದುರೇಟು ಕೊಟ್ಟಿತ್ತು.

ಅಂದರೆ ತಿರುಗುವುದು ತಿಳಿಯದೆ ತಿರುಗಿದರೂ ಕೈ ತಪ್ಪುತ್ತದೆ, ತಿರುಗದೆ ತಿರುಗಿದೆನೆಂದುಕೊಂಡರೂ ತಪ್ಪುತ್ತದೆ. ಲೆಕ್ಕ ಎರಡರಲ್ಲೂ ಸರಿಯೇ ಇದೆ, ಲೆಕ್ಕಕ್ಕೆ ಕೊಟ್ಟ ಅಂಕಿ ತಪ್ಪು.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಈ ಭ್ರಮೆಯನ್ನೂ, ಕೈ ಎಷ್ಟು ತಪ್ಪುತ್ತದೆ ಎಂಬುದನ್ನೂ ತೋರಿಸುವ ಪ್ರಯೋಗ ಬೇಕು. ಕಂಪ್ಯೂಟರ್ ಇಲ್ಲದೆ ಆಗುತ್ತದೆಯೇ? (ವಿಜ್ಞಾನ ಶಿಕ್ಷಕರು, ಹೊಳಲ್ಕೆರೆ)

ಉತ್ತರ: ಖಂಡಿತ ಆಗುತ್ತದೆ ಮೇಷ್ಟ್ರೇ. ಹಳೆಯ ಪ್ರಯೋಗಗಳಲ್ಲಿ ಹಲವು ಪಟ್ಟೆ ಬಳಿದ, ಸುತ್ತುವ ಡ್ರಮ್ಮಿನೊಳಗೆ ನಡೆದಂಥವು. ಅದನ್ನು ಬಟ್ಟೆಯಲ್ಲಿ ಕಟ್ಟೋಣ.

ಬೋರ್‌ವೆಲ್‌ಗೆ ಬಿಡುವ 32 ಮಿ.ಮೀ. ಕಪ್ಪು ಪೈಪು 4.8 ಮೀಟರ್ ತೆಗೆದುಕೊಳ್ಳಿ. ಸುರುಳಿಯಲ್ಲಿ ಬರುವುದರಿಂದ ಅದಕ್ಕೆ ಆಗಲೇ ಬಾಗು ಇರುತ್ತದೆ. ಎರಡು ತುದಿಗಳ ಒಳಗೂ ಹಿಡಿಯುವಂತೆ ಒಂದು ಗೇಣು ಮರದ ಗೂಟ ತೂರಿಸಿ ಸ್ಕ್ರೂ ಹಾಕಿದರೆ ಸುಮಾರು 1.5 ಮೀಟರ್ ಅಡ್ಡಳತೆಯ ಬಳೆ ಸಿಗುತ್ತದೆ. ನಾಲ್ಕು ಕಡೆ ಸಮನಾದ ಹಗ್ಗ ಕಟ್ಟಿ, ನಾಲ್ಕನ್ನೂ ಮೇಲೆ ಒಂದೇ ಕೊಕ್ಕೆಗೆ ಸೇರಿಸಿ, ನೆಲದಿಂದ 170 ಸೆಂ.ಮೀ. ಎತ್ತರದಲ್ಲಿ ಬಳೆ ನಿಲ್ಲುವಂತೆ ಚಾವಣಿಯ ಫ್ಯಾನ್ ಕೊಕ್ಕೆಗೆ ತೂಗುಹಾಕಿ. ಮೇಲಿನ ಕೊಕ್ಕೆ ತಾನೇ ತಿರುಗುವಂಥದ್ದಿರಬೇಕು, ತೊಟ್ಟಿಲು ಉಯ್ಯಾಲೆ ಮಾರುವ ಕಡೆ ಸಿಗುತ್ತದೆ. ಬರೀ ಹಗ್ಗಕ್ಕೆ ಕಟ್ಟಿದರೆ ಹುರಿ ಏರುತ್ತ ಹೋಗಿ ಬಳೆ ಬಿಗಿಯುತ್ತದೆ, ವೇಗ ಕೆಡುತ್ತದೆ.

45 ಇಂಚು ಪನ್ನದ ಬಿಳಿ ಬಟ್ಟೆ 5 ಮೀಟರ್ ಬೇಕು. ಪನ್ನವೇ ಪರದೆಯ ಎತ್ತರ. ಅದೇ ಪನ್ನದ ಕಪ್ಪು ಬಟ್ಟೆ ಎರಡೂವರೆ ಮೀಟರ್ ತಂದು, ಅಡ್ಡಕ್ಕೆ 10 ಸೆಂ.ಮೀ. ಅಗಲದ 24 ಪಟ್ಟಿ ಕತ್ತರಿಸಿ, 10 ಸೆಂ.ಮೀ. ಅಂತರ ಬಿಟ್ಟು ಬಿಳಿ ಬಟ್ಟೆಗೆ ಹೊಲಿಸಿ. ಗೋಂದಿನಲ್ಲಿ ಅಂಟಿಸಿದರೆ ಸುಕ್ಕು ಬರುತ್ತದೆ, ಸುಕ್ಕು ಓಡುವುದು ಕಂಡರೆ ‘ಓಡುತ್ತಿರುವುದು ಬಟ್ಟೆ’ ಎಂದು ಗುಟ್ಟು ಬಯಲಾಗುತ್ತದೆ. ಪರದೆಯ ಕೆಳ ಅಂಚಿಗೆ ಮಡಿಕೆ ಹೊಲಿಸಿ ಅದರೊಳಗೆ ಸ್ವಲ್ಪ ಮರಳು ತುಂಬಿಸಿ, ಬಟ್ಟೆ ಹಾರಾಡದೆ ನಿಲ್ಲುತ್ತದೆ.

ಒಳಗೆ ನಡುಮಧ್ಯೆ ಅಲುಗಾಡದ ಸ್ಟೂಲು. ವಿದ್ಯಾರ್ಥಿಯ ತೊಡೆ ಮೇಲೆ 40×50 ಸೆಂ.ಮೀ. ಪ್ಲೈವುಡ್ ಹಲಗೆ, ಅದು ಸ್ಟೂಲಿಗೇ ಬಿಗಿದಿರಲಿ. ಹಲಗೆಯ ಮೇಲೆ ಬಿಳಿ ಹಾಳೆ. ಎದೆಯ ಬಳಿಯ ಅಂಚಿನಲ್ಲಿ ಒಂದು ಸ್ಟಾಂಪ್ ಪ್ಯಾಡ್, ಅದರಿಂದ ನೇರ 30 ಸೆಂ.ಮೀ. ಮುಂದೆ ಗುರಿಯ ಚುಕ್ಕಿ. ತೋರುಬೆರಳು ಪ್ರತಿ ಸಲ ಪ್ಯಾಡಿನಿಂದ ಹೊರಡಬೇಕು, ಹಾಳೆ ಮುಟ್ಟಿ ವಾಪಸ್ ಪ್ಯಾಡಿಗೆ ಬರಬೇಕು. ಹೀಗೆ ಬೆರಳಿಗೆ ಮಸಿ ತಾನಾಗಿ ಹತ್ತುತ್ತದೆ, ಗುರುತು ತಾನಾಗಿ ಬೀಳುತ್ತದೆ. ಮೊದಲು ಗುರಿಯನ್ನು ಚೆನ್ನಾಗಿ ನೋಡಲು ಬಿಟ್ಟು, ಆಮೇಲೆ ಹಲಗೆಯ ಮೇಲೆ ರಟ್ಟಿನ ಕಮಾನು ಮುಚ್ಚಿ, ಕೈ ಕಾಣಬಾರದು. ಗುರಿಯ ಜಾಗದಲ್ಲಿ ಗುಂಡುಪಿನ್ನು, ಸ್ಟಿಕ್ಕರು ಯಾವುದೂ ಇರಕೂಡದು. ಉಬ್ಬು ಸಿಕ್ಕಿತೋ, ಬೆರಳು ಮುಂದಿನ ಸಲ ತನ್ನ ತಪ್ಪನ್ನು ತಿದ್ದಿಕೊಂಡುಬಿಡುತ್ತದೆ.

ಕಣ್ಣಿನ ಮಟ್ಟದಲ್ಲಿ, ಪರದೆಗಿಂತ ಒಂದು ಗೇಣು ಈಚೆಗೆ, ಸ್ಟೂಲಿಗೆ ಕಟ್ಟಿದ ಕಡ್ಡಿಯ ತುದಿಯಲ್ಲಿ ಒಂದು ಕೆಂಪು ಬಿಂದಿ ಇಡಿ. ಅದನ್ನೇ ನೋಡುತ್ತಿರಬೇಕು. ಪಟ್ಟೆಗಳ ಹಿಂದೆ ಕಣ್ಣು ಓಡಿಸುವುದಕ್ಕಿಂತ ನಿಂತ ಬಿಂದುವನ್ನು ನೋಡಿದಾಗ ಭ್ರಮೆ ಬಲವಾಗಿ ಬರುತ್ತದೆ. ಚಾವಣಿ ಕಾಣದಂತೆ ಅಂಚಿರುವ ಟೊಪ್ಪಿ ಹಾಕಿಸಿ.

ತಿರುಗಿಸುವವರು ಹೊರಗೆ ಬರಿಗಾಲಲ್ಲಿ, ಬಳೆ ಹಿಡಿದು ಸುತ್ತ ನಡೆಯಲಿ. 6 ಸೆಕೆಂಡಿಗೆ ಒಂದು ಸುತ್ತು. ಆಗ ನಿಮಿಷಕ್ಕೆ 10 ಸುತ್ತಾಗುತ್ತದೆ, ಬ್ರಾಂಡೈಸಿನ ಕೋಣೆಯ ವೇಗವೇ. ನಡಿಗೆ ಸೆಕೆಂಡಿಗೆ 80 ಸೆಂ.ಮೀ.ಗೆ ತುಸು ಮೇಲೆ, ನಿಧಾನದ ಹೆಜ್ಜೆ. ಬೆಳಕು ಒಳಗೆ, ತಲೆಯ ಮೇಲಿನಿಂದ ಬೀಳಬೇಕು. ಹೊರಗಿನ ಕಿಟಕಿಯ ಬೆಳಕಿದ್ದರೆ ನಡೆಯುವವರ ನೆರಳು ಪರದೆಯ ಮೇಲೆ ಬಿದ್ದು ಎಲ್ಲ ಕೆಡುತ್ತದೆ.

ಮೂರು ಬಗೆಯಲ್ಲಿ ಅಳೆಯಿರಿ. ಪರದೆ ನಿಂತಿರುವಾಗ ಐದು ಸಲ ಮುಟ್ಟಿಸಿ. ಆಮೇಲೆ, ಪರದೆ ಹೊರಟ ಕೂಡಲೇ, ಮೊದಲ ಸೆಕೆಂಡಿನೊಳಗೆ ಒಂದೇ ಸಲ; ಹೀಗೆ ನಿಲ್ಲಿಸಿ ಹೊರಡಿಸಿ ಐದು ಸಲ. ಕೊನೆಗೆ, ಪರದೆ ತಿರುಗುತ್ತಲೇ ಇದ್ದು ‘ಪರದೆ ನಿಂತಿದೆ, ನಾನು ತಿರುಗುತ್ತಿದ್ದೇನೆ’ ಎಂದು ವಿದ್ಯಾರ್ಥಿ ಹೇಳುವವರೆಗೆ ಕಾದು ಐದು ಸಲ. ಪ್ರತಿ ಸರದಿಗೂ ಹೊಸ ಹಾಳೆ. ಚಾಚುವುದು ಚುರುಕಾಗಿರಬೇಕು, ಅರ್ಧ ಸೆಕೆಂಡಿನಲ್ಲಿ ಬೆರಳು ತಲುಪಬೇಕು. ಮೆಲ್ಲಗೆ ಚಾಚಿದರೆ ಮೆದುಳು ನಿರೀಕ್ಷಿಸುವ ಬಲವೂ ಸಣ್ಣದಾಗಿ ತಪ್ಪು ಕಾಣುವುದೇ ಇಲ್ಲ. ಐದಕ್ಕಿಂತ ಹೆಚ್ಚು ಒಂದೇ ಸರದಿಯಲ್ಲಿ ಬೇಡ, ಬಲ ಬರುತ್ತಿಲ್ಲವೆಂದು ತೋಳು ಕಲಿಯುತ್ತ ಹೋಗುತ್ತದೆ.

ಪ್ಯಾಡಿನಿಂದ ಗುರಿಗೆ ಗೆರೆ ಎಳೆದು, ಪ್ರತಿ ಗುರುತು ಗೆರೆಯಿಂದ ಎಷ್ಟು ಮಿಲಿಮೀಟರ್ ಪಕ್ಕಕ್ಕಿದೆ ಎಂದು ಅಳೆಯಿರಿ. ಬಲಕ್ಕೆ ಅಧಿಕ, ಎಡಕ್ಕೆ ಋಣ ಚಿಹ್ನೆ. ನಿಂತ ಪರದೆಯ ಸರಾಸರಿಯನ್ನು ಉಳಿದೆರಡರಿಂದ ಕಳೆಯಿರಿ, ಯಾಕೆಂದರೆ ಕಣ್ಣಿಲ್ಲದೆ ಚಾಚುವಾಗ ಪ್ರತಿಯೊಬ್ಬರ ಕೈಗೂ ತನ್ನದೇ ಓರೆ ಇರುತ್ತದೆ.

ಈಗ ಸ್ವಾರಸ್ಯ ನೋಡಿ. ಮೇಲಿನಿಂದ ನೋಡಿದಾಗ ಪರದೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿದರೆ, ಕೂತವರ ಎದುರಿನ ಪಟ್ಟೆಗಳು ಬಲಕ್ಕೆ ಹೋಗುತ್ತವೆ. ಪರದೆ ಹೊರಟ ಕೂಡಲೇ ಚಾಚಿದರೆ ಹಿನ್ನೆಲೆಯ ಎಳೆತ ಕೈಯನ್ನು ಬಲಕ್ಕೆ ಒಯ್ಯಬೇಕು. ಭ್ರಮೆ ಕೂಡಿಬಂದ ಮೇಲೆ ತಾನು ಎಡಕ್ಕೆ ತಿರುಗುತ್ತಿದ್ದೇನೆ ಎಂದು ಅನ್ನಿಸುತ್ತದೆ, ಬಲಕ್ಕೆ ತಳ್ಳುವ ಬಲ ಬರುತ್ತದೆಂದು ತೋಳು ಎಡಕ್ಕೆ ಒತ್ತುತ್ತದೆ. ಎಳೆತ ಒಂದು ಕಡೆ, ನಿರೀಕ್ಷೆ ಇನ್ನೊಂದು ಕಡೆ. ಎರಡನ್ನೂ ಬೆರೆಸಿ ಅಳೆದರೆ ಒಂದನ್ನೊಂದು ತಿಂದುಹಾಕಿ ‘ಏನೂ ಆಗಲಿಲ್ಲ’ ಎಂಬ ಉತ್ತರ ಬರುತ್ತದೆ. ಅದಕ್ಕೇ ಎರಡು ಹೊತ್ತು ಬೇರೆ ಬೇರೆ. ಪರದೆಯನ್ನು ಎದುರು ದಿಕ್ಕಿಗೂ ತಿರುಗಿಸಿ ಅಳೆಯಿರಿ, ಚಿಹ್ನೆಗಳು ಅದಲುಬದಲಾಗಬೇಕು. ಆಗದಿದ್ದರೆ ಎಲ್ಲೋ ತಪ್ಪಾಗಿದೆ, ನಡುವೆ ಹಲಗೆ ಕದಲಿತೇ ನೋಡಿ.

ಕೆಲವು ಮಕ್ಕಳಿಗೆ ಭ್ರಮೆ ಬರುವುದೇ ಇಲ್ಲ. ಅವರನ್ನು ಕೈಬಿಡಬೇಡಿ. ಭ್ರಮೆ ಎಷ್ಟು ಬಲವಾಗಿತ್ತೆಂದು ಎಲ್ಲರಿಂದಲೂ 0ರಿಂದ 10ರೊಳಗೆ ಅಂಕ ಕೇಳಿ ಬರೆದುಕೊಳ್ಳಿ. ಅಂಕಕ್ಕೂ ತಪ್ಪಿನ ಅಳತೆಗೂ ಸಂಬಂಧ ಕಂಡರೆ ಪ್ರದರ್ಶನದ ಅತ್ಯುತ್ತಮ ಚಾರ್ಟು ಅದೇ. ಮೂರ್ಛೆರೋಗ, ಅರೆತಲೆನೋವು ಇರುವ ಮಕ್ಕಳನ್ನು ಒಳಗೆ ಕೂರಿಸಬೇಡಿ. ಒಂದು ಸರದಿ 2 ನಿಮಿಷ ಮೀರಬಾರದು, ಬೆವರು ಅಥವಾ ವಾಕರಿಕೆ ಅಂದರೆ ತಕ್ಷಣ ಕಣ್ಣು ಮುಚ್ಚಿಸಿ ಪರದೆ ನಿಲ್ಲಿಸಿ.

ಪ್ರಶ್ನೆ: ಸಿಗ್ನಲ್ಲಿನಲ್ಲಿ ಬೈಕ್ ನಿಲ್ಲಿಸಿದ್ದಾಗ ಪಕ್ಕದ ಬಸ್ಸು ಮುಂದೆ ಹೋದರೆ ನನ್ನ ಬೈಕ್ ಹಿಂದಕ್ಕೆ ಉರುಳಿದಂತಾಗಿ ಗಾಬರಿಯಾಗುತ್ತದೆ. ಅಪಾಯವೇ? (ಚಿತ್ರದುರ್ಗ)

ಉತ್ತರ: ಗಾಬರಿಯಲ್ಲಿ ಬ್ರೇಕ್ ಹಿಡಿದರೆ ತೊಂದರೆಯಿಲ್ಲ. ಗೇರಿನಲ್ಲಿದ್ದು, ಬೆರಳು ಬ್ರೇಕಿಗೆ ಹಾರುವ ಆತುರದಲ್ಲಿ ಕ್ಲಚ್ ಸಡಿಲಿದರೆ ಬೈಕ್ ಮುಂದಕ್ಕೆ ಜಿಗಿಯುತ್ತದೆ. ನಿಂತಾಗ ನ್ಯೂಟ್ರಲ್ ಮಾಡಿ, ಎಡಗಾಲನ್ನು ಅಂಗಾಲು ಪೂರ್ತಿ ಊರಿ, ಡಿವೈಡರ್ ಅಥವಾ ಸಿಗ್ನಲ್ ಕಂಬ ನೋಡುತ್ತಿರಿ.

ಪ್ರಶ್ನೆ: ಮಗ ವಿಆರ್ (ಸುತ್ತಲೂ ಕಂಪ್ಯೂಟರ್ ದೃಶ್ಯ ತೋರಿಸುವ) ಕನ್ನಡಕ ಹಾಕಿ ಅರ್ಧ ಗಂಟೆ ಆಡಿದ ಮೇಲೆ ನೀರಿನ ಲೋಟ ಹಿಡಿಯಲು ಹೋಗಿ ತಳ್ಳಿ ಬೀಳಿಸುತ್ತಾನೆ. ಕಣ್ಣಿನ ದೋಷವೇ? (ಹಿರಿಯೂರು)

ಉತ್ತರ: ಆಟದ ನಂತರ ಮಾತ್ರ ಹೀಗಾಗಿ, ಸ್ವಲ್ಪ ಹೊತ್ತಿಗೆ ಸರಿಹೋಗುವುದಾದರೆ ದೋಷವಲ್ಲ, ಹೊಂದಿಕೆಯ ಉಳಿಕೆ. ಕನ್ನಡಕದೊಳಗೆ ಕಾಣುವ ಕೈಗೂ ನಿಜವಾದ ಕೈಗೂ ತುಸು ಅಂತರ, ತುಸು ತಡ ಇರುತ್ತದೆ. ತಲೆ ತಿರುಗಿಸಿದಾಗ ಚಿತ್ರ 20 ಮಿಲಿಸೆಕೆಂಡಿನೊಳಗೆ ಹಿಂಬಾಲಿಸಬೇಕೆಂದು ತಯಾರಕರು ಗುರಿಯಿಟ್ಟುಕೊಳ್ಳುತ್ತಾರೆ. ಅಗ್ಗದ, ಮೊಬೈಲ್ ತೂರಿಸುವ ಪೆಟ್ಟಿಗೆಗಳಲ್ಲಿ ಈ ತಡ ಹೆಚ್ಚು. ಆ ಅಂತರಕ್ಕೆ ಒಗ್ಗಿದ ಕೈ ಹೊರಗೆ ಬಂದಾಗ ತಿರುಗುವ ಕೋಣೆ ನಿಂತ ಮೇಲಿನ ಕೈಯಂತೆ ಎದುರು ದಿಕ್ಕಿಗೆ ತಪ್ಪುತ್ತದೆ. ಸರಿಪಡಿಸುವ ದಾರಿ ಸುಮ್ಮನೆ ಮಲಗುವುದಲ್ಲ. ಖಾಲಿ ಸ್ಟೀಲ್ ಲೋಟವನ್ನು ಮೇಜಿನ ಮೇಲೆ ಇಟ್ಟು, ಕೈಯನ್ನು ನೋಡುತ್ತ ಇಪ್ಪತ್ತು ಮೂವತ್ತು ಸಲ ಅದರ ಅಂಚು ಮುಟ್ಟಿಸಿ. ಆಟ 15 ನಿಮಿಷಕ್ಕೆ ನಿಲ್ಲಲಿ. ಆಟದ ನಂತರ ಅರ್ಧ ಗಂಟೆ ಸೈಕಲ್, ಮೆಟ್ಟಿಲು, ಬಿಸಿ ಪಾತ್ರೆಗಳಿಂದ ದೂರ ಇರಿಸಿ.

ಪ್ರಶ್ನೆ: ತಾಯಿಗೆ 68 ವರ್ಷ. ಸಂತೆಯಲ್ಲಿ ಜನ ಓಡಾಡುವುದನ್ನು ನೋಡಿದರೆ ನೆಲವೇ ತೇಲಿದಂತಾಗಿ, ತರಕಾರಿ ಎತ್ತಿಕೊಳ್ಳಲು ಕೈ ಚಾಚಿದರೆ ಬೀಳುವ ಹಾಗಾಗುತ್ತದಂತೆ. ಮನೆಯಲ್ಲಿ ಏನೂ ಇಲ್ಲ. (ಹೊನ್ನಾಳಿ)

ಉತ್ತರ: ಒಳಗಿವಿ ಸೊರಗಿದಾಗ ಮೆದುಳು ಕಣ್ಣಿನ ಮಾತನ್ನೇ ಅತಿಯಾಗಿ ನೆಚ್ಚತೊಡಗುವುದುಂಟು. ಆಗ ಸಂತೆಯ ಓಡಾಟವೇ ಅವರ ಪಾಲಿಗೆ ಸುತ್ತುವ ಪರದೆಯಾಗುತ್ತದೆ. ಕಿವಿ, ಮೂಗು, ಗಂಟಲು ತಜ್ಞರಿಗೆ ಒಮ್ಮೆ ತೋರಿಸಿ. ಸಮತೋಲನಕ್ಕೆಂದೇ ಫಿಸಿಯೊಥೆರಪಿ ವ್ಯಾಯಾಮಗಳಿವೆ, ವಾರಗಟ್ಟಲೆ ಬಿಡದೆ ಮಾಡಿದರೆ ಗುಣ ಕಾಣುತ್ತದೆ. ತಲೆಸುತ್ತಿನ ಜೊತೆ ಥಟ್ಟನೆ ಮಾತು ತೊದಲಿದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಸೋತರೆ, ವಸ್ತು ಎರಡೆರಡಾಗಿ ಕಂಡರೆ ಅದು ಬೇರೆಯೇ ಸಂಗತಿ. 108ಕ್ಕೆ ಕರೆ ಮಾಡಿ, ಕಾಯಬೇಡಿ.

ಅಲ್ಲಿಯವರೆಗೆ ಒಂದು ಉಪಾಯ. ಅಲುಗಾಡದ ವಸ್ತುವಿಗೆ ಬೆರಳ ತುದಿಯನ್ನು ಹಗುರವಾಗಿ ತಾಗಿಸಿದರೂ ದೇಹದ ತೂಗಾಟ ಎದ್ದು ಕಾಣುವಷ್ಟು ಇಳಿಯುತ್ತದೆ. ಭಾರ ಬಿಡಬೇಕಿಲ್ಲ, 100 ಗ್ರಾಂ ತೂಕಕ್ಕಿಂತ ಕಡಿಮೆ ಒತ್ತಡ ಸಾಕು, ಏಕೆಂದರೆ ಅಲ್ಲಿ ಬೆರಳು ಊರುಗೋಲಲ್ಲ, ಸಾಕ್ಷಿ. ಹಾಗಾಗಿ ಸಂತೆಯಲ್ಲಿ ಮೊದಲು ಎಡಗೈ ಬೆರಳನ್ನು ಅಂಗಡಿಯ ಕಟ್ಟೆಗೋ ಗೋಡೆಗೋ ತಾಗಿಸಿ, ಕಣ್ಣನ್ನು ಎತ್ತಬೇಕಾದ ಬದನೆಕಾಯಿಯ ಮೇಲೆ ನಿಲ್ಲಿಸಿ, ಆಮೇಲೆ ಬಲಗೈ ಚಾಚಲಿ. ತೂಗಾಡುವ ಚೀಲ, ಜೊತೆಗಿರುವವರ ಸೆರಗು ಹಿಡಿದರೆ ಪ್ರಯೋಜನವಿಲ್ಲ, ಅವೂ ಅಲುಗುತ್ತವೆ.